ಗಿಟಾರಿನ ನಾಬ್ ಕರಕರ ಎಂದರೆ ಏನು ಮಾಡಬೇಕು?

ಹಳೆಯ ಟ್ರಾನ್ಸಿಸ್ಟರಿನ ವಾಲ್ಯೂಮ್ ತಿರುಗಿಸಿದಾಗ ಹಾಡಿನ ಜೊತೆಗೇ 'ಕರಕರ' ಎಂದು ಬರುತ್ತಿದ್ದ ಸದ್ದು ನಿಮಗೆ ನೆನಪಿರಬಹುದು. ಎಲೆಕ್ಟ್ರಿಕ್ ಗಿಟಾರಿನ ವಾಲ್ಯೂಮ್ ಮತ್ತು ಟೋನ್ ನಾಬ್‌ಗಳ ಕೆಳಗೆ ಕೂತಿರುವುದೂ ಅದೇ ಜಾತಿಯ ಬಿಡಿಭಾಗ. ಅದಕ್ಕೆ ಬರುವ ಕಾಯಿಲೆಯೂ ಅದೇ. ಕೋಪರಖೈರಣೆ, ಘನ್ಸೋಲಿ, ವಾಶಿಯಂಥ ಖಾಡಿ ಪಕ್ಕದ ಊರುಗಳಲ್ಲಿ ಮಳೆಗಾಲದ ತೇವ ಗೋಡೆಯನ್ನಷ್ಟೇ ಅಲ್ಲ, ಗಿಟಾರಿನ ಹೊಟ್ಟೆಯನ್ನೂ ಸೇರುತ್ತದೆ. ಗಣೇಶೋತ್ಸವ, ನವರಾತ್ರಿ, ರಾಜ್ಯೋತ್ಸವ ಎಂದು ಕಾರ್ಯಕ್ರಮಗಳು ಸಾಲುಗಟ್ಟುವ ಹೊತ್ತಿಗೆ ಸರಿಯಾಗಿ ಮಗನ ಗಿಟಾರ್ ಕೈಕೊಡುತ್ತದೆ. ಹೊಸದು ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ.

ಒಳಗೆ ಇರುವುದೇನು?

ಈ ಬಿಡಿಭಾಗದ ಹೆಸರು ಪೊಟೆನ್ಶಿಯೋಮೀಟರ್. ರಿಪೇರಿಯವರ ಬಾಯಲ್ಲಿ ಬರೀ 'ಪಾಟ್'. ಒಳಗೆ ಕುದುರೆ ಲಾಳದ ಆಕಾರದ ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಲೋಹದ ನಾಲಿಗೆ, ಹೊರಗೆ ಮೂರು ಕಾಲು. ವಾಲ್ಯೂಮ್ ಪಾಟ್ ನಲ್ಲಿಯಿದ್ದಂತೆ: ಪಿಕಪ್‌ನಿಂದ ಬಂದ ಸಿಗ್ನಲ್‌ನಲ್ಲಿ ಎಷ್ಟು ಹೊರಗೆ ಹೋಗಬೇಕೆಂದು ಅದು ನಿರ್ಧರಿಸುತ್ತದೆ. ಟೋನ್ ಪಾಟ್ ಜೊತೆಗೆ ಒಂದು ಪುಟ್ಟ ಕೆಪ್ಯಾಸಿಟರ್ ಇರುತ್ತದೆ. ನಾಬ್ ಇಳಿಸಿದಂತೆ ಅದು ಚೂಪಾದ ಸ್ವರಗಳನ್ನಷ್ಟೇ ಸೋಸಿ ಗ್ರೌಂಡ್‌ಗೆ ಕಳಿಸುತ್ತದೆ. ಉಳಿಯುವುದು ಮಂದ್ರದ, ದುಂಡನೆಯ ನಾದ.

ಮೊದಲು ತಪ್ಪಿತಸ್ಥ ಯಾರೆಂದು ನೋಡಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಬಾರದು. ಬೇರೆ ಕೇಬಲ್ ಹಾಕಿ ನೋಡಿ. ಬೇರೆ ಆಂಪ್ಲಿಫೈಯರಿಗೆ ಜೋಡಿಸಿ ನೋಡಿ. ಕೇಬಲ್ ಸಿಕ್ಕಿಸುವ ಜಾಕ್ ಅಲ್ಲಾಡುತ್ತಿದೆಯೇ? ಅದರ ನಟ್ ಸಡಿಲವಾದರೆ ಇಡೀ ಜಾಕ್ ತಿರುಗಿ ಒಳಗಿನ ತಂತಿ ಕಿತ್ತುಬರುತ್ತದೆ. ನಾಬ್ ಸುಮ್ಮನೆ ಗಿರಗಿರ ತಿರುಗುತ್ತಿದ್ದರೆ ಪಾಟ್ ಕೆಟ್ಟಿರಬೇಕೆಂದೇನಿಲ್ಲ. ನಾಬ್‌ನ ಪುಟ್ಟ ಸ್ಕ್ರೂ ಸಡಿಲವಾಗಿರಬಹುದು. ಗಿಟಾರಿನಲ್ಲಿ 9 ವೋಲ್ಟ್ ಬ್ಯಾಟರಿ ಇದ್ದರೆ ಅದನ್ನೂ ಬದಲಿಸಿ ನೋಡಿ.

ಇನ್ನು ಕೆಲವು ದೋಷವೇ ಅಲ್ಲ. 1954ರಲ್ಲಿ ಬಂದ ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್‌ಗೆ ಒಂದು ವಾಲ್ಯೂಮ್, ಎರಡು ಟೋನ್. ಅದರ ಮೂಲ ಜೋಡಣೆಯಲ್ಲಿ ಸೇತುವೆಯ ಪಕ್ಕದ ಪಿಕಪ್‌ಗೆ ಟೋನ್ ನಾಬೇ ಇಲ್ಲ! ಅದೇ ಮಾದರಿಯ ಅಗ್ಗದ ಗಿಟಾರಿನಲ್ಲೂ ಹೀಗೇ ಇರಬಹುದು. 1952ರಲ್ಲಿ ಬಂದ ಗಿಬ್ಸನ್ ಲೆಸ್ ಪಾಲ್‌ಗೆ ಎರಡು ವಾಲ್ಯೂಮ್, ಎರಡು ಟೋನ್. ಅದರ ಸ್ವಿಚ್ ನಡುವೆ ಇದ್ದಾಗ ಒಂದು ವಾಲ್ಯೂಮನ್ನು ಪೂರ್ತಿ ಇಳಿಸಿದರೆ ಸಾಮಾನ್ಯ ಜೋಡಣೆಯಲ್ಲಿ ಎರಡೂ ಪಿಕಪ್ ಮೌನವಾಗುತ್ತವೆ. ಇವನ್ನು ರಿಪೇರಿಗೆ ಕೊಟ್ಟು ದುಡ್ಡು ಕಳೆಯಬೇಡಿ.

ಲಕ್ಷಣ ನೋಡಿ ಮದ್ದು

ಕರಕರ ಸದ್ದು: ಪಟ್ಟಿಯ ಮೇಲೆ ಧೂಳು, ಕಿಲುಬು. ಕೇಬಲ್ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿ (ಕೆಲವು ಗಿಟಾರಿನಲ್ಲಿ ಮುಂಬದಿಯ ಪ್ಲಾಸ್ಟಿಕ್ ತಟ್ಟೆ), ಪಾಟ್‌ನ ಕಾಲುಗಳ ಬಳಿಯ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ. ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಒಣಗಲು ಬಿಡಿ. ಕ್ಲೀನರ್ ಗಿಟಾರಿನ ಬಣ್ಣಕ್ಕೆ ತಾಗದಿರಲಿ. ಬಾಗಿಲಿಗೆ, ಸೈಕಲ್ ಚೈನಿಗೆ ಹಾಕುವ ಎಣ್ಣೆಯಂತೂ ಬೇಡ. ಅದಕ್ಕೆ ಧೂಳು ಅಂಟುತ್ತದೆ.

ಟೋನ್ ತಿರುಗಿಸಿದರೂ ವ್ಯತ್ಯಾಸವಿಲ್ಲ: ಕೆಪ್ಯಾಸಿಟರಿನ ಕಾಲು ಅಥವಾ ಗ್ರೌಂಡ್ ಬೆಸುಗೆ ಬಿಟ್ಟಿರಬಹುದು. ಟೋನ್ ಸೊನ್ನೆಗೆ ತಂದಾಗ ಸದ್ದೇ ಸತ್ತರೆ ಕೆಪ್ಯಾಸಿಟರ್ ಒಳಗೇ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು.

ವಾಲ್ಯೂಮ್ ಇಳಿಸಿದರೆ ನಾದ ಮಂಕು: ಇದು ಕೆಡುಕಲ್ಲ, ವಿದ್ಯುತ್ತಿನ ಗುಣ. ಬೇಕಾದರೆ ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿಗೂ ನಡುಗಾಲಿಗೂ 0.001 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಅದಕ್ಕೆ ಸಮಾಂತರವಾಗಿ 150 ಕಿಲೋ ಓಮ್ ರೆಸಿಸ್ಟರ್ ಬೆಸೆಯುತ್ತಾರೆ.

ಹತ್ತರಿಂದ ಮೂರರ ತನಕ ಹೆಚ್ಚು ಬದಲಾವಣೆಯಿಲ್ಲ, ಆಮೇಲೆ ದಿಢೀರನೆ ಇಳಿಯುತ್ತದೆ: ಲೀನಿಯರ್ ಪಾಟ್ ಹಾಕಿರಬಹುದು. ನಮ್ಮ ಕಿವಿಗೆ ಒಪ್ಪುವುದು ಆಡಿಯೋ ಟೇಪರ್ ಪಾಟ್. ಏಷ್ಯಾದಲ್ಲಿ ತಯಾರಾದ ಪಾಟ್‌ಗಳ ಮೇಲೆ ಸಾಮಾನ್ಯವಾಗಿ 'ಎ' ಎಂದಿದ್ದರೆ ಆಡಿಯೋ, 'ಬಿ' ಎಂದಿದ್ದರೆ ಲೀನಿಯರ್.

ಕ್ಲೀನರಿಗೂ ಬಗ್ಗದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಪಾಟ್‌ನ ತಂತಿಗಳನ್ನು ಬಿಡಿಸಿ ಎರಡು ಹೊರಗಾಲುಗಳ ನಡುವೆ ಅಳೆಯಿರಿ. 500 ಕಿಲೋ ಓಮ್ ಪಾಟ್ 400ರಿಂದ 600 ತೋರಿಸಿದರೂ ಸರಿಯೇ. ಶೇಕಡಾ 20ರಷ್ಟು ಆಚೀಚೆ ಮಾಮೂಲು. ಬಳಿಕ ನಡುಗಾಲು ಮತ್ತು ಒಂದು ಹೊರಗಾಲಿನ ನಡುವೆ ಅಳೆಯುತ್ತಾ ನಿಧಾನ ತಿರುಗಿಸಿ. ಅಂಕಿ ಜಾರುತ್ತಾ ಹೋಗಬೇಕು. ಎಗರಿದರೆ ಪಟ್ಟಿ ಸವೆದಿದೆ, ಪಾಟ್ ಬದಲಿಸುವುದೇ ದಾರಿ.

ಕೊಳ್ಳುವ ಮುನ್ನ ನೆನಪಿಡಿ: ಒಂಟಿ ಸುರುಳಿಯ ಪಿಕಪ್‌ಗೆ ಸಾಮಾನ್ಯವಾಗಿ 250, ಜೋಡಿ ಸುರುಳಿಯ ಹಂಬಕರ್‌ಗೆ 500 ಕಿಲೋ ಓಮ್. ಕೆಪ್ಯಾಸಿಟರ್ ಕ್ರಮವಾಗಿ 0.047 ಮತ್ತು 0.022 ಮೈಕ್ರೋಫ್ಯಾರಡ್. ಹಳೆಯ ಪಾಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ದಂಡದ ದಪ್ಪ, ಅದರ ಸೀಳು, ನಟ್ಟಿನ ಅಳತೆ ಎಲ್ಲವೂ ಹೊಂದಬೇಕು. ಕೋಪರಖೈರಣೆಯಿಂದ ಠಾಣೆಗೆ, ಅಲ್ಲಿಂದ ದಾದರ್, ಮತ್ತೆ ಪಶ್ಚಿಮ ರೈಲ್ವೆಯ ಸ್ಲೋ ಗಾಡಿಯಲ್ಲಿ ಗ್ರಾಂಟ್ ರೋಡ್. ಸ್ಟೇಷನ್ನಿಗೆ ಹತ್ತಿರದಲ್ಲೇ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಹೆಸರಾದ ಲ್ಯಾಮಿಂಗ್ಟನ್ ರೋಡ್. ಬೆಸುಗೆ ಹಾಕಿ ಗೊತ್ತಿಲ್ಲದಿದ್ದರೆ ರೇಡಿಯೋ, ಟಿವಿ ರಿಪೇರಿ ಮಾಡುವವರ ಕೈಗೆ ಕೊಡಿ. ಅವರಿಗೆ ಇದು ಹೊಸ ವಿದ್ಯೆಯೇನಲ್ಲ. ಬಿಚ್ಚುವ ಮೊದಲು ತಂತಿಗಳ ಒಂದು ಫೋಟೋ ಮಾತ್ರ ತೆಗೆದಿಟ್ಟುಕೊಳ್ಳಿ.

ಇದೊಂದನ್ನು ಮಾತ್ರ ಮುಂದೂಡಬೇಡಿ

'ಗುಂಯ್' ಸದ್ದು ತಂತಿ ಮುಟ್ಟಿದೊಡನೆ ಕಡಿಮೆಯಾದರೆ ಹೆದರಬೇಡಿ, ತಂತಿಗಳಿಗೆ ಗ್ರೌಂಡ್ ಸಿಕ್ಕಿದೆ ಎಂದರ್ಥ. ಮುಟ್ಟಿದರೂ ಬದಲಾಗದಿದ್ದರೆ ಸೇತುವೆಗೆ ಹೋಗುವ ಗ್ರೌಂಡ್ ತಂತಿ ಬಿಟ್ಟಿರಬಹುದು. ಆದರೆ ತಂತಿಯಿಂದಾಗಲಿ ಮೈಕಿನಿಂದಾಗಲಿ ಬೆರಳಿಗೋ ತುಟಿಗೋ ಜುಮ್ಮೆಂದರೆ ಅದು ಪಾಟ್‌ನ ತೊಂದರೆಯಲ್ಲ. ಆಂಪ್ಲಿಫೈಯರಿಗೋ ಮೈಕಿನ ಸಾಧನಕ್ಕೋ ಅರ್ಥಿಂಗ್ ಸರಿಯಿಲ್ಲ. ಮತ್ತೇನನ್ನೂ ಮುಟ್ಟದೆ ಗಿಟಾರ್ ಬಿಟ್ಟು, ಮೇನ್ ಸ್ವಿಚ್ ಆರಿಸಿಸಿ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ವಿದ್ಯುದಾಘಾತಕ್ಕೆ ಬಲಿಯಾದರು.

ನಮ್ಮ ಮಂಟಪಗಳಲ್ಲಿ ತಾತ್ಕಾಲಿಕ ವೈರಿಂಗ್, ಒದ್ದೆ ನೆಲ, ಮೂರನೇ ಪಿನ್ ಮುರಿದ ಪ್ಲಗ್ ಒಟ್ಟಿಗೇ ಸೇರುವುದುಂಟು. ಹಾಗಾಗಿ ಮೂರು ಪಿನ್ನಿನ ಪ್ಲಗ್ಗನ್ನು ಎರಡಕ್ಕೆ ಇಳಿಸುವ ಅಡಾಪ್ಟರ್ ಬೇಡವೇ ಬೇಡ. ವೇದಿಕೆಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ. ಸಂಕೋಚ ಬೇಡ. ಕರಕರ ಸದ್ದನ್ನು ಕಾರ್ಯಕ್ರಮ ಮುಗಿದ ಮೇಲೂ ಸರಿಪಡಿಸಬಹುದು. ಅರ್ಥಿಂಗ್ ಮಾತ್ರ ಮೊದಲ ಸ್ವರಕ್ಕೂ ಮೊದಲೇ ಸರಿಯಿರಬೇಕು.