ಅಪ್ಪನ ಧ್ಯಾನದ ಬ್ಯಾಂಡ್: ಕಣ್ಣು, ಕಿವಿ ಮತ್ತು ಒಂದು ವೈಬ್ರೇಷನ್

ಇವತ್ತಿನ ವಿಷಯ ಧ್ಯಾನಕ್ಕೆ ಅಂತ ಮೈಮೇಲೆ ಹಾಕ್ಕೊಳ್ಳೋ ಗ್ಯಾಜೆಟ್‌ಗಳು. ಕಣ್ಣು ಕಾಣದವರು, ಕಿವಿ ಕೇಳದವರು ಅವನ್ನ ಬಳಸಬಹುದಾ?

ಶುರು ಆಗಿದ್ದು ನಮ್ಮ ಮನೆಯಲ್ಲೇ. ಅಪ್ಪ ರಾಯಚೂರು ಬಿಟ್ಟು ಕೊಂಡಾಪುರದ ನಮ್ಮ ಫ್ಲ್ಯಾಟಿಗೆ ಬಂದು ಎರಡು ವರ್ಷ ಆಯ್ತು. ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾಗಿ, ಈಗ ಬೆಳಕು ನೆರಳು ಬಿಟ್ಟರೆ ಏನೂ ಕಾಣಲ್ಲ. ಬಂಜಾರಾ ಹಿಲ್ಸ್‌ನಲ್ಲಿ 1987ರಿಂದ ಇರುವ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಪುನರ್ವಸತಿ ವಿಭಾಗಕ್ಕೆ ಹೋಗಿ ಬಂದ ಮೇಲೆ ಫೋನಿನಲ್ಲಿ ಟಾಕ್‌ಬ್ಯಾಕ್ ಬಳಸೋದನ್ನ ಕಲಿತರು. ನಿದ್ದೆ ಬರ್ತಿಲ್ಲ ಅಂದ್ರು ಅಂತ ನಾನು ಒಂದು ಧ್ಯಾನದ ಬ್ಯಾಂಡ್ ತಂದುಕೊಟ್ಟೆ. ಒಂದು ಸಂಜೆ ಆಫೀಸಿಂದ ಬಂದು ನೋಡಿದರೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ. "ಇದು ಮುಗೀತಾ, ಇನ್ನೂ ಓಡ್ತಾ ಇದೆಯಾ ನೋಡೋ" ಅಂದ್ರು. ಹತ್ತು ನಿಮಿಷದ ಸೆಷನ್ ಮುಗಿದು ಮುಕ್ಕಾಲು ಗಂಟೆ ಆಗಿತ್ತು. ಮುಗಿದಿದೆ ಅನ್ನೋದು ಪರದೆ ಮೇಲೆ ಮಾತ್ರ ಬಂದಿತ್ತು.

ಇಲ್ಲಿ ತಪ್ಪಿದ್ದು ಸೆನ್ಸರ್ ಅಲ್ಲ. ಇಂಥ ಸಾಧನದಲ್ಲಿ ಮೂರು ಹಂತ ಇರುತ್ತವೆ. ಮೊದಲು ಅಳತೆ: ವಾಚಿನ ಹಸಿರು ಬೆಳಕು ರಕ್ತದ ಹರಿವನ್ನು ನೋಡಿ ನಾಡಿಬಡಿತ ಲೆಕ್ಕ ಹಾಕುತ್ತದೆ, ತಲೆಪಟ್ಟಿ ಇಇಜಿ ಮೂಲಕ ಮೆದುಳಿನ ವಿದ್ಯುತ್ ಸಂಕೇತ ಹಿಡಿಯುತ್ತದೆ. ಎರಡನೆಯದು ಲೆಕ್ಕ. ಮೂರನೆಯದು ಬಳಸುವವರಿಗೆ ಅದನ್ನು ತಿಳಿಸೋದು. ಮೊದಲ ಎರಡಕ್ಕೆ ನಮ್ಮ ಕಣ್ಣು, ಕಿವಿ ಬೇಕಿಲ್ಲ. ಬಾಗಿಲು ಮುಚ್ಚೋದು ಮೂರನೆಯದರಲ್ಲಿ.

2014ರಲ್ಲಿ ಬಂದ ಕೆನಡಾದ ಮ್ಯೂಸ್ ತಲೆಪಟ್ಟಿ ನೋಡಿ. ಮನಸ್ಸು ಅಲೆದರೆ ಮಳೆಗಾಳಿಯ ಸದ್ದು ಜೋರಾಗುತ್ತೆ, ಶಾಂತವಾದರೆ ಹಕ್ಕಿ ಕೂಗುತ್ತೆ. ಕಣ್ಣು ಕಾಣದವರಿಗೆ ಇದು ಒಳ್ಳೆಯದೇ. ಆದರೆ ಕಿವಿ ಕೇಳದವರಿಗೆ ಆ ಹಕ್ಕಿ ಇಲ್ಲವೇ ಇಲ್ಲ. 2016ರಲ್ಲಿ ಆಪಲ್ ವಾಚಿಗೆ ಬಂದ ಬ್ರೀದ್ ಸೌಲಭ್ಯ ಮಣಿಕಟ್ಟಿಗೆ ಮೆಲ್ಲಗೆ ತಟ್ಟಿ ಉಸಿರಿನ ಲಯ ಹೇಳುತ್ತದೆ. ಸ್ಪರ್ಶ ಇಬ್ಬರಿಗೂ ತಲುಪುತ್ತೆ.

ಹಾಗಾದ್ರೆ ಎಲ್ಲವನ್ನೂ ಟಾಕ್‌ಬ್ಯಾಕ್ ಓದಿ ಹೇಳಿದರೆ ಸಾಕಲ್ವಾ? ಸಾಲದು. ಕಣ್ಣು ಮುಚ್ಚಿ ಕೂತಾಗ ಕಿವಿಯಲ್ಲಿ ಯಾರೋ ವಟಗುಟ್ಟುತ್ತಿದ್ದರೆ ಅದೆಂಥ ಧ್ಯಾನ? ಜೊತೆಗೆ, ಅಪ್ಪನಿಗೆ ಮನೆಯಲ್ಲಿ ಏನಾಗ್ತಿದೆ ಅನ್ನೋದು ಗೊತ್ತಾಗೋದೇ ಕಿವಿಯಿಂದ. ಇಯರ್‌ಬಡ್ ಹಾಕಿದರೆ ಅದೂ ಮುಚ್ಚಿಹೋಗುತ್ತೆ.

ಅದಕ್ಕೇ ಎರಡು ಭಾನುವಾರ ಕೂತು ಆಂಡ್ರಾಯ್ಡ್‌ನಲ್ಲಿ ಒಂದು ಪುಟ್ಟ ಆ್ಯಪ್ ಮಾಡಿದೆ. ಪರದೆ ಪೂರ್ತಿ ಒಂದೇ ಬಟನ್. ಶುರುವಿಗೆ ಒಂದು ಉದ್ದ ವೈಬ್ರೇಷನ್, ಉಸಿರು ಎಳೆಯುವಾಗ ಸಣ್ಣ ಮಿಡಿತ, ಬಿಡುವಾಗ ಮೌನ, ಮುಗಿದಾಗ ಮೂರು ಉದ್ದ. ಬಹಳ ಚೆನ್ನಾಗಿದೆ ಅಂದುಕೊಂಡೆ. ಮೊದಲ ದಿನವೇ ಅಪ್ಪ, "ಕೈಗೆ ಏನೂ ಗೊತ್ತಾಗ್ತಿಲ್ಲ ಕಣೋ" ಅಂದ್ರು. ಸಕ್ಕರೆ ಕಾಯಿಲೆ ನರಗಳನ್ನೂ ಮುಟ್ಟುತ್ತೆ, ಕೈಕಾಲುಗಳಲ್ಲಿ ಕಂಪನದ ಅರಿವು ಕಡಿಮೆಯಾಗಬಹುದು. ಎಂಟೆಕ್ ಓದಿದ ನನಗೆ ಇದು ಹೊಳೆದಿರಲಿಲ್ಲ. ಮಿಡಿತ ಉದ್ದ ಮಾಡಿದೆ, ಫೋನನ್ನ ಅಂಗಿಯ ಎದೆ ಜೇಬಿಗೆ ಹಾಕಿದೆ. ಆಗ ಗೊತ್ತಾಯ್ತು.

ಇದರಿಂದ ನಾನು ಕಲಿತಿದ್ದು: ಯಾವ ಮಾಹಿತಿಯೂ ಒಂದೇ ಇಂದ್ರಿಯವನ್ನು ನಂಬಿಕೊಂಡಿರಬಾರದು. ಕನಿಷ್ಠ ಎರಡು ದಾರಿ ಬೇಕು, ಅದರ ಜೋರು, ಉದ್ದ ಬಳಸುವವರ ಕೈಯಲ್ಲಿರಬೇಕು. ಇದು ಬರೀ ಕರುಣೆಯ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಐಟಿ ಉತ್ಪನ್ನಗಳ ಆಕ್ಸೆಸಿಬಿಲಿಟಿಗೆ ಐಎಸ್ 17802 ಅನ್ನೋ ಭಾರತೀಯ ಮಾನಕವೂ ಇದೆ.

ಡೆವಲಪರ್‌ಗಳೇ, ನಾಳೆ ಆಫೀಸಿನಲ್ಲಿ ಇಷ್ಟು ಮಾಡಿ. ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ, ನಿಮ್ಮದೇ ಆ್ಯಪ್ ಬಳಸಿ. "ಅನ್‌ಲೇಬಲ್ಡ್ ಬಟನ್" ಅಂತ ಕೇಳಿಸಿದರೆ ಆ ಬಟನ್ನಿಗೆ ಹೆಸರು ಕೊಡಿ, ಬಹುತೇಕ ಒಂದೇ ಸಾಲಿನ ಕೆಲಸ. ಗ್ರಾಫ್ ಇದ್ದರೆ ಅದರ ಸಾರವನ್ನ ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಸೌಂಡ್ ಪೂರ್ತಿ ಆಫ್ ಮಾಡಿ ಮತ್ತೆ ಬಳಸಿ. ಕೊನೆಗೆ, ನಿಜವಾಗಿ ಬಳಸುವವರ ಕೈಗೆ ಕೊಡಿ. ಅಪ್ಪ ಹೇಳದೇ ಇದ್ದಿದ್ರೆ ನನ್ನ ಆ್ಯಪ್ ಕೂಡ ಆ ಬ್ಯಾಂಡಿನ ಥರಾನೇ ಆಗ್ತಿತ್ತು.

ನಿಮ್ಮ ಮನೆಯಲ್ಲೂ ಇಂಥ ಅನುಭವ ಇದ್ರೆ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.