ಕರಿ ಕೋಟು ಬಂತು, ಕಕ್ಷಿದಾರನ ಮಾತು ತಿಳಿಯಿತೇ?

ಜೇವರ್ಗಿಯಲ್ಲಿ ಯಾವುದಾದರೂ ವಕೀಲರ ಕೋಣೆಯಲ್ಲಿ ಬೆಳಿಗ್ಗೆ ಒಂದು ತಾಸು ಕುಳಿತು ನೋಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದ ರೈತ, ‘ಸಾಹೇಬ್ರ, ನನ್ನ ಹೊಲ ಹೋಯ್ತರಿ’ ಎನ್ನುತ್ತಾನೆ. ಆಗಷ್ಟೇ ಎಲ್‌ಎಲ್‌ಬಿ ಮುಗಿಸಿದ ಹುಡುಗ ದಾವೆ ಬರೆಯಲು ಪೆನ್ನು ತೆಗೆಯುತ್ತಾನೆ. ಹಿರಿಯರು ತಡೆದು ಕೇಳುತ್ತಾರೆ: ‘ಈ ಸಲ ತೊಗರಿ ಬಿತ್ತಿದವರು ಯಾರು?’

ಅರ್ಧ ಮೊಕದ್ದಮೆ ಈ ಪ್ರಶ್ನೆಯಲ್ಲಿದೆ. ರೈತನೇ ಬಿತ್ತಿದ್ದರೆ ಹೋಗಿರುವುದು ಹೊಲವಲ್ಲ, ಪಹಣಿಯಲ್ಲಿನ ಹೆಸರು. ಅಂಥ ತಕರಾರು ಕಂದಾಯ ಅಧಿಕಾರಿಗಳ ಮುಂದೆ ಹೋಗಬೇಕಾದೀತು. ಬೇರೆಯವರು ಬಿತ್ತಿದ್ದರೆ ಸ್ವಾಧೀನದ ದಾವೆ. ಎಷ್ಟು ವರ್ಷದಿಂದ ಬಿತ್ತುತ್ತಿದ್ದಾರೆ ಎಂದು ಕೇಳದೆ ಬಿಟ್ಟರೆ, 1963ರ ಕಾಲಮಿತಿ ಕಾಯ್ದೆಯ 12 ವರ್ಷದ ಗಡುವೇ ಕಕ್ಷಿದಾರನಿಗೆ ಮುಳುವಾದೀತು.

ಕಾಲೇಜು ಇದನ್ನು ಕಲಿಸಲಿಲ್ಲವೆಂದು ದೂರುವಂತಿಲ್ಲ. ಕಾಲೇಜಿಗೆ ಕಕ್ಷಿದಾರ ಬರುವುದೇ ಇಲ್ಲವಲ್ಲ! ಆಳಂದದ ಗಡಿಯ ಹಳ್ಳಿಗಳಲ್ಲಿ ಮಾತಿನೊಳಗೆ ಮರಾಠಿ ಬೆರೆತಿರುತ್ತದೆ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿದರೂ ಆ ಕಾಲದ ಉರ್ದು ಕಾಗದಗಳು ಮನೆಯ ಟ್ರಂಕಿನಿಂದ ಇಂದಿಗೂ ಹೊರಬರುತ್ತವೆ. ಅಫಜಲಪುರದ ಭೀಮಾ ದಂಡೆಯ ಹೊಲದ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಬಂದ ತಂಗಿ ಅವನೆದುರು ಬಾಯಿ ಬಿಡುವುದಿಲ್ಲ. 2005ರ ತಿದ್ದುಪಡಿ ಮಗಳಿಗೂ ಸಮಪಾಲು ಕೊಟ್ಟಿದೆಯೆಂದು ಆಕೆಗೆ ಗೊತ್ತಿದೆಯೇ? ತಾನು ಯಾರ ವಕೀಲ? ಈ ಸಂದಿಗ್ಧವನ್ನು ಹಿರಿಯರ ಪಕ್ಕದಲ್ಲಿ ಕುಳಿತು ನೋಡಿಯೇ ಕಲಿಯಬೇಕು. ‘ಗೆಲ್ಲಿಸಿಕೊಡ್ತೀನಿ’ ಎಂದು ಮಾತು ಕೊಡದಿರುವುದನ್ನೂ ಅಷ್ಟೆ. ಫಲಿತಾಂಶಕ್ಕೆ ಗಂಟುಹಾಕಿ ಶುಲ್ಕ ಗೊತ್ತುಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ಪಾಲಕರ ಚಿಂತೆ ಬೇರೆ: ‘ಮಗ ಇನ್ನೆಷ್ಟು ವರ್ಷ ಬಿಟ್ಟಿ ದುಡಿಯಬೇಕು?’ ಅದು ನ್ಯಾಯವಾದ ಪ್ರಶ್ನೆಯೇ. ಸನ್ನದಿಗೆ ಮುನ್ನ ಒಂದು ವರ್ಷ ಹಿರಿಯರ ಬಳಿ ತರಬೇತಿ ಕಡ್ಡಾಯ ಎಂಬ 1995ರ ನಿಯಮವನ್ನು ಸುಪ್ರೀಂ ಕೋರ್ಟು 1999ರಲ್ಲಿ ರದ್ದುಮಾಡಿತು. ಅದೇ ನ್ಯಾಯಾಲಯ 2025ರ ಮೇ 20ರಂದು, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವವರಿಗೆ 3 ವರ್ಷದ ವಕೀಲಿ ಅನುಭವ ಬೇಕೆಂದು ತೀರ್ಪು ಕೊಟ್ಟಿತು. 10 ವರ್ಷ ವಕೀಲಿ ಮಾಡಿದವರು ಅದಕ್ಕೆ ಪ್ರಮಾಣಪತ್ರ ಕೊಡಬಹುದು, ನ್ಯಾಯಾಧೀಶರ ದೃಢೀಕರಣದೊಂದಿಗೆ. ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುವ ಯೋಜನೆ ಸಮಾಜ ಕಲ್ಯಾಣ ಇಲಾಖೆಯಲ್ಲಿದೆ, ಅಲ್ಲಿ ವಿಚಾರಿಸಿ.

ಇನ್ನು ಹಿರಿಯರ ಆಯ್ಕೆ. ಬೋರ್ಡು ಎಷ್ಟು ದೊಡ್ಡದೆಂದು ನೋಡಬೇಡಿ. ಕಕ್ಷಿದಾರ ಬಂದಾಗ ಅವರು ಜೂನಿಯರನ್ನು ಚಹಾ ತರಲು ಕಳಿಸುತ್ತಾರೋ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೋ ನೋಡಿ.