ನೀಲಿ ಮತ್ತು ಅನಿಲಿನ್: ಬಣ್ಣಗಾರಿಕೆಯ ಒಂದು ಪ್ರತ್ಯಾಮ್ಲದ ಗುಣ, ಬಳಕೆ, ಎಚ್ಚರ

ಸಮೀರವಾಡಿಯ ಹೆಸರು ಇಂದು ಕಬ್ಬು ಮತ್ತು ಸಕ್ಕರೆಯೊಡನೆ ಬೆಸೆದುಕೊಂಡಿದ್ದರೂ ಅದರ ನೆರೆಯ ರಬಕವಿ, ಬನಹಟ್ಟಿ, ಮಹಾಲಿಂಗಪುರಗಳು ಪರಂಪರೆಯಿಂದ ನೇಕಾರಿಕೆಯ ಊರುಗಳು. ಮಗ್ಗವಿದ್ದಲ್ಲಿ ಬಣ್ಣದ ಬಾನಿಯೂ ಬೇಕು. ಬಾನಿಯ ಇತಿಹಾಸದಲ್ಲಿ ಅನಿಲಿನ್ ಎಂಬ ಸಾವಯವ ಅಮೈನ್ ಪ್ರತ್ಯಾಮ್ಲಕ್ಕೆ ವಿಶಿಷ್ಟ ಸ್ಥಾನವಿದೆ. ಸಂಸ್ಕೃತದ ‘ನೀಲ’ ಪದವು ಪರ್ಷಿಯನ್, ಅರಬ್ಬಿ ಭಾಷೆಗಳನ್ನು ಹಾದು ಪೋರ್ಚುಗೀಸರಲ್ಲಿ ‘ಅನಿಲ್’ ಆಯಿತು. 1826ರಲ್ಲಿ ಜರ್ಮನಿಯ ಉನ್‌ಫರ್‌ಡಾರ್ಬೆನ್ ನೀಲಿಯನ್ನು ಭಟ್ಟಿಯಿಳಿಸಿ ಈ ದ್ರವವನ್ನು ಪಡೆದನು. 1840ರ ಸುಮಾರಿಗೆ ಫ್ರಿಟ್‌ಷೆ ಅದಕ್ಕೆ ಅನಿಲಿನ್ ಎಂದು ಹೆಸರಿಟ್ಟನು.

ಉತ್ತರ ಕರ್ನಾಟಕದಲ್ಲಿ ನೀಲಿ ಬಣ್ಣ ಹಾಕುವವರನ್ನು ನೀಲಗಾರರೆಂದು ಕರೆಯಲಾಗುತ್ತಿತ್ತು. ದಕ್ಷಿಣ ಭಾರತದ ಪದ್ಧತಿಯಲ್ಲಿ ಸುಣ್ಣ ಹಾಗೂ ಬೇಯಿಸಿದ ತಗಚೆ ಬೀಜ ಬೆರೆಸಿ ಬಾನಿಯನ್ನು ಹುದುಗಿಸುವುದು ರೂಢಿ. ಅದ್ದಿದ ನೂಲು ಹಸಿರು-ಹಳದಿಯಾಗಿ ಹೊರಬಂದು ಗಾಳಿ ತಾಗಿದೊಡನೆ ನೀಲಿಗೆ ತಿರುಗುತ್ತದೆ. ಬಾನಿಯ ಹದವನ್ನು ವಾಸನೆ, ನೊರೆ ಮತ್ತು ಸ್ಪರ್ಶದಿಂದ ಅರಿಯಲಾಗುತ್ತಿತ್ತು. ಇಲ್ಲಿ ಕೈಯೇ ಜ್ಞಾನದ ಸಾಧನ.

ಶುದ್ಧ ಅನಿಲಿನ್ ಬಣ್ಣವಿಲ್ಲದ, ಎಣ್ಣೆಯಂತಹ ದ್ರವ. ಗಾಳಿ, ಬೆಳಕು ತಾಗಿದರೆ ಕಂದಾಗುತ್ತದೆ. ಕೊಳೆತ ಮೀನಿನಂತಹ ವಾಸನೆ. ನೀರಿಗಿಂತ ತುಸು ಭಾರ. ಕುದಿಯುವ ಬಿಂದು 184 ಡಿಗ್ರಿ ಸೆಲ್ಸಿಯಸ್. ಇದರ ನೈಟ್ರೊಜನ್ನಿನ ಎಲೆಕ್ಟ್ರಾನ್ ಜೋಡಿಯನ್ನು ಬೆಂಜೀನ್ ಉಂಗುರ ತನ್ನತ್ತ ಸೆಳೆಯುವುದರಿಂದ ಇದು ಅಮೋನಿಯಾಕ್ಕಿಂತ ಬಹಳ ದುರ್ಬಲ ಪ್ರತ್ಯಾಮ್ಲ. ಆದರೂ ಆಮ್ಲದೊಡನೆ ಲವಣವಾಗುತ್ತದೆ.

1856ರಲ್ಲಿ ಲಂಡನ್ನಿನ ಪರ್ಕಿನ್ ಅಶುದ್ಧ ಅನಿಲಿನ್‌ನಿಂದ ನೇರಳೆ ಬಣ್ಣವನ್ನು ತಯಾರಿಸಿದನು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು; ಮುಂದೆ ಅದರ ಕಚ್ಚಾವಸ್ತು ಅನಿಲಿನ್ನೇ ಆಯಿತು. ನೀಲಿಯಿಂದ ಹುಟ್ಟಿದ್ದು ನೀಲಿಯನ್ನೇ ಹೆತ್ತಿತು. ಭಾರತದ ನೀಲಿ ಬೆಳೆ ಕುಸಿಯಿತು. ನ್ಯಾಫ್ತಾಲ್ ಬಣ್ಣಗಾರಿಕೆಯಲ್ಲಿ ಕೆಂಪು ಮೊದಲಾದ ಗಾಢ ಬಣ್ಣಗಳಿಗೆ ಅನಿಲಿನ್ ಕುಲದ ಅಮೈನುಗಳನ್ನು ಬಳಸಲಾಗುತ್ತದೆ. ವ್ಯಾಪಾರದಲ್ಲಿ ಅವುಗಳ ಹೆಸರು ‘ಬೇಸ್’. ಪಾಲಿಯುರೆಥೇನ್ ಹಾಗೂ ರಬ್ಬರ್ ಉದ್ಯಮಗಳಿಗೂ ಅನಿಲಿನ್ ಬೇಕು.

ಅಪಾಯವಿರುವುದು ಕೈಯ ಹಳೆಯ ಅಭ್ಯಾಸದಲ್ಲಿ. ಅನಿಲಿನ್ ಗಾಯವಿಲ್ಲದ ಚರ್ಮದ ಮೂಲಕವೂ ದೇಹವನ್ನು ಸೇರಿ, ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ತುಟಿ, ಉಗುರುಗಳು ನೀಲಿಗಟ್ಟುತ್ತವೆ. ತಲೆನೋವು, ಏದುಸಿರು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. 1895ರಲ್ಲಿ ಜರ್ಮನಿಯ ವೈದ್ಯ ರೇನ್ ಬಣ್ಣದ ಕಾರ್ಮಿಕರ ಮೂತ್ರಕೋಶದ ಗಡ್ಡೆಗಳನ್ನು ವರದಿ ಮಾಡಿದನು. ಬೆಂಜಿಡಿನ್‌ನಂತಹ ಅಮೈನುಗಳು ಇದಕ್ಕೆ ಕಾರಣವೆಂದು ಅನಂತರ ತಿಳಿಯಿತು. 1997ರಲ್ಲಿ ಭಾರತ ಸರಕಾರವು ಹಲವು ಅಜೋ ಬಣ್ಣಗಳನ್ನು ನಿಷೇಧಿಸಿತು.

ಆದುದರಿಂದ ಇಂತಹ ಬೇಸ್‌ಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಮೂಸಿ ನೋಡಬಾರದು. ಅನಿಲಿನ್‌ಗೆ ಬಟ್ಟೆಯ ಕೈಗವಸು ಸಾಲದು. ಬ್ಯುಟೈಲ್ ರಬ್ಬರಿನ ಕೈಗವಸು, ಕಣ್ಣಿಗೆ ಕನ್ನಡಕ, ಗಾಳಿಯಾಡುವ ಕೋಣೆ ಅವಶ್ಯ. ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಬೆಂಕಿ, ಬೆಳಕು, ಪ್ರಬಲ ಆಮ್ಲಗಳಿಂದ ದೂರವಿಡಬೇಕು. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ, ಸಾಬೂನು-ನೀರಿನಿಂದ ಚೆನ್ನಾಗಿ ತೊಳೆದು, ಆರಾಮವೆನಿಸಿದರೂ ವೈದ್ಯರಲ್ಲಿಗೆ ಹೋಗಬೇಕು. ಮದ್ಯ ಸೇವನೆ ವಿಷದ ಪರಿಣಾಮವನ್ನು ಹೆಚ್ಚಿಸುತ್ತದೆ.

ಹೊಸ ವಸ್ತು ಬಂದಾಗ ಅದರ ಬಳಕೆ ಬೇಗ ಹಬ್ಬಿತು. ಎಚ್ಚರಿಕೆ ಮಾತ್ರ ಡಬ್ಬಿಯ ಮೇಲಿನ ಪರಭಾಷೆಯಲ್ಲಿ ಉಳಿಯಿತು. ಬಾನಿಯ ಹದವನ್ನು ತಲೆಮಾರುಗಳಿಗೆ ಮುಟ್ಟಿಸಿದ ಬಣ್ಣಗಾರರ ನುಡಿಯಲ್ಲಿಯೇ ಈ ಎಚ್ಚರವೂ ನೆಲೆಗೊಳ್ಳಬೇಕಾಗಿದೆ. ಅನಿಲಿನ್ ವಿಷಕ್ಕೆ ವೈದ್ಯರು ನೀಡುವ ಮದ್ದು ಮೆಥಿಲೀನ್ ಬ್ಲೂ. 1876ರಲ್ಲಿ ಅನಿಲಿನ್ ಕುಲದಿಂದಲೇ ಹುಟ್ಟಿದ ಇನ್ನೊಂದು ನೀಲಿ.